ಪ್ರತಿ ವಾರ ಸೋಲುವ ಪೈಲ್ವಾನನಿಗೂ ಸಂಬಳ ಇರುತ್ತಾ?

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಡಬ್ಲ್ಯುಡಬ್ಲ್ಯುಇ ಅಂದ್ರೆ ಹುಚ್ಚು. ಮೊನ್ನೆ ನೋಡ್ತಾ ನೋಡ್ತಾ ಕೇಳಿದ, 'ಅಪ್ಪಾ, ಈ ಮನುಷ್ಯ ಯಾವಾಗ್ಲೂ ಸೋಲ್ತಾನೆ. ಮತ್ಯಾಕೆ ಇಟ್ಕೊಂಡಿದ್ದಾರೆ? ದುಡ್ಡು ಕೊಡ್ತಾರಾ?' ನನ್ನ ಹತ್ರ ಉತ್ತರ ಇರಲಿಲ್ಲ. ಎಲ್ಲಾ ಮೊದಲೇ ಗೊತ್ತು ಮಾಡಿರ್ತಾರೆ ಅನ್ನೋದಾದ್ರೆ, ಸೋಲೋಕೆ ಯಾರಾದ್ರೂ ಯಾಕೆ ಒಪ್ತಾರೆ?
(ಓದುಗರೊಬ್ಬರು, ಶಿರಾ, ತುಮಕೂರು ಜಿಲ್ಲೆ)

ಉತ್ತರ: ಕೊಡುತ್ತಾರೆ. ಗೆದ್ದವನಿಗೂ, ಸೋತವನಿಗೂ. ಸ್ಟಾರ್‌ಗೆ ಸಿಗುವಷ್ಟು ಸಿಗಲ್ಲ, ಅದು ಬೇರೆ ಮಾತು. ಆದರೆ ಸೋತ ಅಂತ ಯಾರೂ ದುಡ್ಡು ಕಡಿಮೆ ಮಾಡುವುದಿಲ್ಲ. ಸೋಲುವುದೇ ಅವನ ಕೆಲಸ, ಆ ಕೆಲಸ ಚೆನ್ನಾಗಿ ಬರುತ್ತೆ ಅಂತಲೇ ಅವನನ್ನು ಕರೆಸಿರುತ್ತಾರೆ.

ನಮ್ಮ ತಲೆಮಾರಿಗೆ ಈ ಗೊಂದಲ ಶುರುವಾಗಿದ್ದು ಚಿಕ್ಕಂದಿನಲ್ಲಿ ಆಡುತ್ತಿದ್ದ, ರೆಸ್ಲರ್‌ಗಳ ಚಿತ್ರ ಇರುವ ಟ್ರಂಪ್ ಕಾರ್ಡಿನಿಂದ ಅಂತ ನನ್ನ ಅನುಮಾನ. ಎತ್ತರ, ತೂಕ, ಎದೆ, ತೋಳು, ಕೊನೆಗೆ ಎಷ್ಟು ಕುಸ್ತಿ ಗೆದ್ದಿದ್ದಾನೆ ಅಂತ ಒಂದು ಸಂಖ್ಯೆ. ಅದನ್ನು ನೋಡಿ ಗೆಲುವು ಅಂದರೆ ಬ್ಯಾಟ್ಸ್‌ಮನ್ ಹೊಡೆದ ರನ್ ಇದ್ದ ಹಾಗೆ ಅಂದುಕೊಂಡೆವು. ನಿಮ್ಮ ಕಡೆ ಬೇಸಿಗೆಯಲ್ಲಿ ರಾತ್ರಿಯಿಡೀ ಆಡುವ ಕುರುಕ್ಷೇತ್ರ ನಾಟಕ ಇದಕ್ಕಿಂತ ಸರಿಯಾದ ಹೋಲಿಕೆ. ಬೆಳಗಿನ ಜಾವಕ್ಕೆ ದುರ್ಯೋಧನ ಸಾಯುತ್ತಾನೆ ಅಂತ ಮುಂದೆ ಚಾಪೆ ಹಾಕಿಕೊಂಡು ಕೂತ ಮಗುವಿಗೂ ಗೊತ್ತು. ಆದರೂ ಆ ಪಾತ್ರಕ್ಕೇ ಪೈಪೋಟಿ, ಕೈಯಿಂದ ಜಾಸ್ತಿ ದುಡ್ಡು ಹಾಕಿಯಾದರೂ ಅದನ್ನೇ ಹಿಡಿಯುತ್ತಾರೆ. ಮಾರನೇ ದಿನ ಟೀ ಅಂಗಡಿಯಲ್ಲಿ 'ಪಾಪ, ಸೋತುಬಿಟ್ಟ' ಅಂತ ಯಾರೂ ಹೇಳಲ್ಲ. 'ಕಂದಪದ್ಯ ಹೇಳಿದ ನೋಡು' ಅಂತಾರೆ. ರೆಸ್ಲಿಂಗ್ ಕೂಡ ಹೆಚ್ಚೂ ಕಡಿಮೆ ಹೀಗೇ. ಆದರೆ ಅಲ್ಲಿ ಬೀಳುವವನು ನಿಜವಾಗಿಯೂ ಬೀಳುತ್ತಾನೆ.

ಗೆಲುವು ಸೋಲು ಮೊದಲೇ ಗೊತ್ತು ಮಾಡಿರುತ್ತಾರೆ ಅನ್ನುವುದೇನೂ ಗುಟ್ಟಲ್ಲ. 1989ರಲ್ಲಿ ಡಬ್ಲ್ಯುಡಬ್ಲ್ಯುಇಯ ಅಂದಿನ ಮಾಲೀಕ ವಿನ್ಸ್ ಮೆಕ್‌ಮಹನ್ ಅವರ ಕಂಪನಿಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ 'ನಮ್ಮದು ಮನರಂಜನೆ, ಸ್ಪರ್ಧೆ ಅಲ್ಲ' ಅಂತ ಒಪ್ಪಿಕೊಂಡಿತು. ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಸ್ಪರ್ಧೆ ಅಂದರೆ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲ ಮೈಮೇಲೆ ಬರುತ್ತಿತ್ತು.

ಈಗ ಆ ಬೀಳುವ ಕೆಲಸದ ವಿಷಯ. ರಿಂಗ್ ಟಿವಿಯಲ್ಲಿ ಮೆತ್ತಗೆ ಕಾಣುತ್ತದೆ. ಆದರೆ ಅದು ಕಬ್ಬಿಣದ ತೊಲೆಗಳ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಫೋಮ್, ಅದರ ಮೇಲೆ ಎಳೆದು ಕಟ್ಟಿದ ಕ್ಯಾನ್ವಾಸ್. ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಉಸಿರು ಹೊರಗೆ ಬಿಡಬೇಕು. ಬೆನ್ನಿನ ಮೇಲ್ಭಾಗ ಪೂರ್ತಿಯಾಗಿ ಒಂದೇ ಸಲಕ್ಕೆ ತಾಗಬೇಕು, ಅದೇ ಹೊತ್ತಿಗೆ ಎರಡೂ ಕೈ ಚಾಚಿ ಅಂಗೈಯಿಂದ ನೆಲಕ್ಕೆ ಹೊಡೆಯಬೇಕು. ಪೆಟ್ಟು ಒಂದೇ ಕಡೆ ನಿಲ್ಲದೆ ಹರಡಿಹೋಗಲಿ ಅಂತ. ನಮಗೆ 'ಧಡ್' ಅಂತ ಕೇಳುವುದರಲ್ಲಿ ಅರ್ಧ ಸದ್ದು ಆ ಹಲಗೆಗಳದ್ದು. ಹೀಗೆ ಬೀಳೋದು ಬರುವವರೆಗೆ ರೆಸ್ಲಿಂಗ್ ಶಾಲೆಯಲ್ಲಿ ಮುಂದಿನ ಪಾಠವೇ ಇಲ್ಲ.

ಒಬ್ಬ 120 ಕಿಲೋ ಆಳನ್ನು ತಲೆಯ ಮೇಲೆ ಎತ್ತಿದ ಅಂದರೆ, ಎತ್ತಿಸಿಕೊಂಡವನೂ ಸರಿಯಾದ ಕ್ಷಣಕ್ಕೆ ಜಿಗಿದಿರುತ್ತಾನೆ ಅಂತ ಅರ್ಥ. ಚಪ್ಪಾಳೆ ಮಾತ್ರ ಎತ್ತಿದವನಿಗೆ. ಹೊಸ ಸ್ಟಾರ್‌ಗೆ ದೇಹ ಇರುತ್ತದೆ, ಅನುಭವ ಇರುವುದಿಲ್ಲ. ಅಂಥವನ ಎದುರು ಹಳೇ ಹುಲಿಯೊಬ್ಬನನ್ನು ನಿಲ್ಲಿಸುತ್ತಾರೆ. ಹಿಡಿತದಲ್ಲಿ ಸಿಕ್ಕಿಕೊಂಡು ನರಳುತ್ತಿರುವ ಹಾಗೆ ಕಾಣುವ ಅವನು ಹುಡುಗನ ಕಿವಿಯಲ್ಲಿ ಮುಂದಿನ ಪಟ್ಟು ಯಾವುದು ಅಂತ ಪಿಸುಗುಡುತ್ತಿರುತ್ತಾನೆ. ಇನ್ನೊಂದು ಸಣ್ಣ ವಿಷಯ ನನಗೆ ತುಂಬಾ ಇಷ್ಟ. ಅಮೆರಿಕದ ರೆಸ್ಲಿಂಗ್‌ನಲ್ಲಿ ತಲೆ, ತೋಳು ಹಿಡಿಯುವುದೆಲ್ಲ ಎಡಗಡೆಯಿಂದಲೇ. ಎಲ್ಲರೂ ಹಾಗೇ ಕಲಿತಿರುವುದರಿಂದ ಮಧ್ಯಾಹ್ನ ಪರಿಚಯವಾದ ಇಬ್ಬರು ಸಂಜೆ ಯಾರ ಕೈಕಾಲೂ ಮುರಿಯದೆ ಆಟ ಮುಗಿಸಬಹುದು. ಊರೂರು ಸುತ್ತುವ ಸಾಮಾನ್ಯ ರೆಸ್ಲರ್‌ನ ಬದುಕು ನಡೆಯುವುದೇ ಇದರಿಂದ.

ಅವರಲ್ಲಿ ಸೋಲುವುದಕ್ಕೇ ಇರುವವರನ್ನು 'ಜಾಬರ್' ಅಂತಾರೆ. ಎಂಬತ್ತರ ದಶಕದಲ್ಲಿ ಇವರಿಗೆ ಕೈತುಂಬ ಕೆಲಸ ಇತ್ತು. ಆಗ ಟಿವಿಯಲ್ಲಿ ಸ್ಟಾರ್‌ಗೆ ಸ್ಟಾರ್ ಎದುರಾಗುತ್ತಿದ್ದುದು ಕಡಿಮೆ. ದೊಡ್ಡ ಜೋಡಿ ನೋಡಬೇಕಾದರೆ ಟಿಕೆಟ್ ತಗೊಂಡು ಬನ್ನಿ ಅನ್ನುವುದೇ ಆಗಿನ ವ್ಯಾಪಾರ. ಟಿವಿಯಲ್ಲಿ ಸ್ಟಾರ್ ಬಂದು ಎರಡು ನಿಮಿಷದಲ್ಲಿ ಯಾರನ್ನೋ ಚಚ್ಚಿ ಹೋಗುತ್ತಿದ್ದ. ಆ 'ಯಾರೋ' ಇವರು. 1995ರಲ್ಲಿ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯು ಕೂಡ ಸೋಮವಾರ ರಾತ್ರಿಯೇ ಕಾರ್ಯಕ್ರಮ ಶುರು ಮಾಡಿತು. ರಿಮೋಟು ಜನರ ಕೈಯಲ್ಲಿ ಇತ್ತು. ಚಾನೆಲ್ ಬದಲಿಸದ ಹಾಗೆ ಹಿಡಿದಿಡಬೇಕಾದರೆ ಪ್ರತಿ ವಾರ ದೊಡ್ಡ ಜೋಡಿಯನ್ನೇ ತೋರಿಸಬೇಕಾಯಿತು. ಜಾಬರ್‌ಗಳ ಕೆಲಸ ಕರಗುತ್ತಾ ಬಂತು.

ಆ ಕಾಲದ ಬ್ಯಾರಿ ಹೊರೊವಿಟ್ಜ್ ಫ್ಲೋರಿಡಾದವರು. ತಾಂತ್ರಿಕವಾಗಿ ಒಳ್ಳೇ ಕುಸ್ತಿಗಾರ, ಸೋಲುವುದು ಮಾತ್ರ ಗ್ಯಾರಂಟಿ. ಒಂದು ಒಳ್ಳೇ ಪಟ್ಟು ಬಿದ್ದರೆ ಸಾಕು, ಕೈ ಹಿಂದೆ ತಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಬೇರೆ ಯಾರು ತಟ್ಟಬೇಕು ಹೇಳಿ? ವರ್ಷಗಟ್ಟಲೆ ಸೋತ ಮೇಲೆ 1995ರಲ್ಲಿ ಸ್ಕಿಪ್ ಅನ್ನುವ ಜಂಬದ ಕೋಳಿಯನ್ನು ಸೋಲಿಸಿದರು. ಜನ ಕುಣಿದುಬಿಟ್ಟರು. ಅದೇ ಆಗಸ್ಟ್‌ನಲ್ಲಿ ಸಮ್ಮರ್‌ಸ್ಲ್ಯಾಮ್‌ನಂಥ ದೊಡ್ಡ ವೇದಿಕೆಯಲ್ಲಿ ಅವನನ್ನೇ ಇನ್ನೊಮ್ಮೆ ಸೋಲಿಸಿದರು. ಆಮೇಲೆ ಮತ್ತೆ ಹಳೇ ಕೆಲಸ. ಆ ಗೆಲುವಿಗೆ ಅಷ್ಟು ಬೆಲೆ ಬಂದದ್ದು ಹಿಂದಿನ ಸೋಲುಗಳಿಂದಲೇ ಅಲ್ವಾ?

ಸ್ಟೀವ್ ಲೊಂಬಾರ್ಡಿ, ಅಂದರೆ 'ಬ್ರೂಕ್ಲಿನ್ ಬ್ರಾಲರ್', ಇನ್ನೊಂದು ಥರ. ಹರಿದ ಟೀ ಶರ್ಟು ಹಾಕಿಕೊಂಡು ಬರುತ್ತಿದ್ದರು. ಯಾವತ್ತೂ ದೊಡ್ಡ ಚಾಂಪಿಯನ್ ಆಗಲಿಲ್ಲ. ಬೇಕಾದಾಗ ಡಾಯಿಂಕ್ ಅನ್ನುವ ಜೋಕರ್ ವೇಷ ಹಾಕಿದರು, ಮುಖಕ್ಕೆ ಬಣ್ಣ ಬಳಿದುಕೊಂಡು ಬೇಸ್‌ಬಾಲ್ ಆಟಗಾರನ ಪಾತ್ರವನ್ನೂ ಮಾಡಿದರು. ಎಂಬತ್ತರ ದಶಕದಲ್ಲಿ ಸೇರಿದವರು, ತೆರೆಯ ಹಿಂದೆ ಪಂದ್ಯಗಳನ್ನು ಹೊಂದಿಸುವ ಕೆಲಸಕ್ಕೆ ಹೋಗಿ 2016ರವರೆಗೆ ಅದೇ ಕಂಪನಿಯಲ್ಲಿ ಇದ್ದರು. ಆ ಅವಧಿಯಲ್ಲಿ ಎಷ್ಟು ಚಾಂಪಿಯನ್‌ಗಳು ಬಂದು ಹೋದರೋ! ಯಶಸ್ವಿ ರೆಸ್ಲರ್ ಯಾರು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಹೆಸರು ಹೇಳುತ್ತೇನೆ.

ಸೋಲನ್ನೇ ಮಾರಾಟಕ್ಕಿಟ್ಟವರೂ ಇದ್ದಾರೆ. ಕರ್ಟ್ ಹಾಕಿನ್ಸ್ ಸತತ 269 ಪಂದ್ಯ ಸೋತರು. ಸೋಲಿನ ಲೆಕ್ಕ ಇಡುವುದೇ ಜನರಿಗೆ ಮಜಾ ಆಯಿತು. 2019ರ ಏಪ್ರಿಲ್‌ನಲ್ಲಿ ಡಬ್ಲ್ಯುಡಬ್ಲ್ಯುಇಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾದಲ್ಲಿ ಗೆಳೆಯ ಝ್ಯಾಕ್ ರೈಡರ್ ಜೊತೆ ಟ್ಯಾಗ್ ಟೀಮ್ (ಇಬ್ಬರ ಜೋಡಿಯ) ಪ್ರಶಸ್ತಿ ಗೆದ್ದಾಗ ಸರಣಿ ಮುರಿಯಿತು. ಇದೇ ಹಾಕಿನ್ಸ್ ನ್ಯೂಯಾರ್ಕ್‌ನಲ್ಲಿ ನಡೆಸುವ ಶಾಲೆಯಲ್ಲಿ ಕಲಿತ ಎಮ್‌ಜೆಎಫ್ ಅನ್ನುವ ರೆಸ್ಲರ್ 2022ರಲ್ಲಿ ಎಇಡಬ್ಲ್ಯು ಅನ್ನುವ ಎದುರಾಳಿ ಕಂಪನಿಯ ವಿಶ್ವ ಚಾಂಪಿಯನ್ ಆದ.

ನಿಮ್ಮ ಮಗನಿಗೆ ಜಿಂದರ್ ಮಹಲ್ ಹೆಸರು ಗೊತ್ತಿರಬಹುದು. ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಪಂಜಾಬಿ ಮನೆತನದವರು. ಹೀತ್ ಸ್ಲೇಟರ್, ಡ್ರೂ ಮೆಕಿಂಟೈರ್ ಜೊತೆ 'ಥ್ರೀಎಮ್‌ಬಿ' ಅನ್ನುವ ಗುಂಪಿನಲ್ಲಿದ್ದರು. ಗಿಟಾರ್ ಬಾರಿಸುವ ಹಾಗೆ ನಟಿಸುತ್ತಾ ಬರುವುದು, ಒದೆ ತಿಂದು ಹೋಗುವುದು. ಸುಮ್ನೆ ನಗೆಪಾಟಲು. 2014ರಲ್ಲಿ ಜಿಂದರ್ ಮತ್ತು ಡ್ರೂ ಇಬ್ಬರನ್ನೂ ಕೆಲಸದಿಂದ ತೆಗೆದರು. ಜಿಂದರ್ 2016ರಲ್ಲಿ ವಾಪಸ್ ಬಂದು, 2017ರ ಮೇನಲ್ಲಿ ರ‍್ಯಾಂಡಿ ಆರ್ಟನ್‌ರನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದರು. ಭಾರತದ ಮಾರುಕಟ್ಟೆಯ ಮೇಲೆ ಕಂಪನಿಗೆ ಆಸೆ ಇದ್ದ ಹೊತ್ತು ಅದು. ಡ್ರೂ ಸಣ್ಣ ಸಣ್ಣ ಕಂಪನಿಗಳಲ್ಲಿ ಆಡಿ ಹೆಸರು ಕಟ್ಟಿಕೊಂಡು ಬಂದು, 2020ರಲ್ಲಿ ಬ್ರಾಕ್ ಲೆಸ್ನರ್ ಅವರಿಂದ ಚಾಂಪಿಯನ್ ಬೆಲ್ಟ್ ಕಿತ್ತುಕೊಂಡರು. ಕೋವಿಡ್ ಕಾಲ, ಮುಂದೆ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಸ್ಲೇಟರ್‌ಗೆ ಅಂಥ ದಿನ ಬರಲಿಲ್ಲ. 'ನನಗೆ ಮಕ್ಕಳಿದ್ದಾರೆ, ಕೆಲಸ ಕೊಡಿ' ಅಂತ ಗೋಗರೆಯುವ ಪಾತ್ರದಲ್ಲಿ ಒಂದು ಟ್ಯಾಗ್ ಟೀಮ್ ಬೆಲ್ಟು ಸಿಕ್ಕಿತು. ಒಂದೇ ಗುಂಪಿನ ಮೂವರಲ್ಲಿ ಯಾರ ಕೈಗೆ ಏನು ಬರುತ್ತದೆ ಅನ್ನುವುದರಲ್ಲಿ ಕುಸ್ತಿಯಷ್ಟೇ ಪಾಲು ವ್ಯಾಪಾರದ್ದೂ ಇರುತ್ತದೆ.

ಸೋತರೆ ಮರ್ಯಾದೆ ಹೋಗಲ್ವಾ ಅಂದರೆ, ನಮ್ಮ ಕಡೆಗೆ ಹತ್ತಿರದ ಉದಾಹರಣೆಯೇ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯುಡಬ್ಲ್ಯುಇ ಹೈದರಾಬಾದಿನ ಗಚ್ಚಿಬೌಲಿಗೆ ಬಂದಿತ್ತು. ಅಲ್ಲಿ ನಮ್ಮ ದೇಶದ ರೆಸ್ಲರ್ ಶ್ಯಾಂಕಿ ನಮ್ಮ ಜನರ ಮುಂದೆಯೇ ಚಾಂಪಿಯನ್ ಗುಂಥರ್‌ಗೆ ಸೋತರು. ಬೆಲ್ಟು ಗುಂಥರ್ ಬಳಿಯೇ ಉಳಿಯಬೇಕಿತ್ತು, ಅಷ್ಟೇ.

ದುಡ್ಡಿನ ಲೆಕ್ಕದಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು. ಡಬ್ಲ್ಯುಡಬ್ಲ್ಯುಇ ತನ್ನ ರೆಸ್ಲರ್‌ಗಳನ್ನು ನೌಕರರು ಅಂತ ಕರೆಯಲ್ಲ, ಸ್ವತಂತ್ರ ಗುತ್ತಿಗೆದಾರರು ಅನ್ನುತ್ತದೆ. ರಿಂಗಿನಲ್ಲಿ ಆದ ಗಾಯಕ್ಕೆ ಚಿಕಿತ್ಸೆ ಕೊಡಿಸುತ್ತದೆ. ಆದರೆ ಹೋಟೆಲ್, ಬಾಡಿಗೆ ಕಾರು, ಊಟ ಎಲ್ಲ ಬಹಳ ಕಾಲ ರೆಸ್ಲರ್‌ಗಳ ಜೇಬಿನಿಂದಲೇ ಹೋಗುತ್ತಿತ್ತು. ಸ್ಟಾರ್‌ಗೆ ಇದು ಲೆಕ್ಕಕ್ಕಿಲ್ಲ. ಕೆಳಗಿನವರು ಒಂದೇ ಕಾರಿನಲ್ಲಿ ತುಂಬಿಕೊಂಡು, ಒಂದೇ ರೂಮಿನಲ್ಲಿ ಮಲಗಿ ಉಳಿಸಬೇಕಿತ್ತು. ಕಂಪನಿ ಇಲ್ಲದೆ ಸಣ್ಣ ಊರುಗಳಲ್ಲಿ ಆಡುವವರಿಗೆ ಚಿಕಿತ್ಸೆಯ ಭರವಸೆಯೂ ಇರುವುದಿಲ್ಲ. ಎಷ್ಟೋ ಜನ ಹಗಲು ಬೇರೆ ಕೆಲಸ ಮಾಡುತ್ತಾರೆ. ಸೋಲಿಗಿಂತ ಇದನ್ನು ನಿಮ್ಮ ಮಗನಿಗೆ ವಿವರಿಸುವುದು ಕಷ್ಟ.

ಅವನು ಮುಂದೆ 'ನಾನೂ ಸೇರ್ತೀನಿ' ಅಂದರೆ? ಪಂಜಾಬಿನ ಜಾಲಂಧರ್‌ನಲ್ಲಿ ದಿ ಗ್ರೇಟ್ ಖಲಿಯವರ ಶಾಲೆ ಇದೆ. ಸಲ್ವಾರ್ ಕಮೀಜ್ ತೊಟ್ಟು ಡಬ್ಲ್ಯುಡಬ್ಲ್ಯುಇ ರಿಂಗಿಗೆ ಇಳಿದ ಕವಿತಾ ದೇವಿ ಕಲಿತದ್ದು ಅಲ್ಲೇ. ಆದರೆ ಎಂಟನೇ ಕ್ಲಾಸಿಗೆ ಅದೆಲ್ಲ ಬೇಡ. ಈಗ ಒಂದನ್ನು ಮಾತ್ರ ತಡೆಯಿರಿ: ಮಂಚದ ಮೇಲೆ ತಮ್ಮನನ್ನೋ ಗೆಳೆಯನನ್ನೋ ತಲೆಕೆಳಗಾಗಿ ಎತ್ತಿ ಹಾಕುವ ಆಟ. ಕುತ್ತಿಗೆಗೆ ಪೆಟ್ಟಾದರೆ ಹಾಸಿಗೆ ಮೆತ್ತಗಿದ್ದೂ ಪ್ರಯೋಜನ ಇಲ್ಲ. ಆಸೆ ಇದ್ದರೆ ಹತ್ತಿರದ ಗರಡಿಗೋ ಜೂಡೋ ಕ್ಲಾಸಿಗೋ ಕಳಿಸಿ. ಜೂಡೋದಲ್ಲಂತೂ ಎದುರಾಳಿಯನ್ನು ಎಸೆಯೋದಕ್ಕಿಂತ ಮೊದಲು ಬೀಳೋದನ್ನೇ ಕಲಿಸುತ್ತಾರೆ.