ಪರ್ಷಿಯನ್ ಬೆಕ್ಕಿಗೆ ಎಂಥ ಡಾಕ್ಟರು ಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಹತ್ತು ತಿಂಗಳ ಪರ್ಷಿಯನ್ ಗಂಡು ಬೆಕ್ಕಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದಿದ್ದೇವೆ. ನಮ್ಮೂರಿನ ಪಶುವೈದ್ಯರು ಒಳ್ಳೆಯವರೇ. ಆದರೆ ಅವರ ಬಳಿ ಬರುವುದು ಹೆಚ್ಚಾಗಿ ನಾಯಿಗಳು, ದನಗಳು. ವಿದೇಶಿ ತಳಿಯ ಬೆಕ್ಕನ್ನು ಅವರ ಕೈಗೆ ಒಪ್ಪಿಸಬಹುದೇ? ಬೆಂಗಳೂರಿಗೇ ಹೋಗಬೇಕೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಕೆಲವರದು ಮೇನ್ ಕೂನ್, ಕೆಲವರದು ಬ್ರಿಟಿಷ್ ಶಾರ್ಟ್‌ಹೇರ್, ಹೆಚ್ಚಿನವರದು ಪರ್ಷಿಯನ್ನೇ. ‘ಎಕ್ಸಾಟಿಕ್ ಪೆಟ್ಸ್’ ಎಂದು ಬೋರ್ಡು ಹಾಕಿದ ಕ್ಲಿನಿಕ್ಕನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ. ಅದು ಬೇಕಿಲ್ಲ. ಆ ಬೋರ್ಡು ಗಿಣಿ, ಆಮೆ, ಮೊಲ, ಇಗ್ವಾನಾಗಳಿಗೆ. ನಿಮ್ಮ ಬೆಕ್ಕು ಎಷ್ಟೇ ದುಬಾರಿಯದಾಗಿರಲಿ, ಹೊಟ್ಟೆಯೊಳಗೆ ಅದು ನಮ್ಮ ಹಿತ್ತಿಲ ಬೆಕ್ಕೇ. ತಳಿಯ ವಿಚಾರ ಆಮೇಲೆ, ಮೊದಲು ಬೆಕ್ಕನ್ನು ಬಲ್ಲ ಡಾಕ್ಟರು ಬೇಕು.

ಹಾಗೆಂದು ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ. ಪಶುವೈದ್ಯಕೀಯ ಪದವಿ ಐದೂವರೆ ವರ್ಷದ್ದು. ಅಷ್ಟರಲ್ಲಿ ಹಸು, ಎಮ್ಮೆ, ಕುರಿ, ಹಂದಿ, ಕುದುರೆ, ಕೋಳಿ, ನಾಯಿ ಎಲ್ಲವನ್ನೂ ಕಲಿಯಬೇಕು. ಬೆಕ್ಕಿಗೆ ಸಿಗುವ ಪಾಲು ಚಿಕ್ಕದು. ಓದು ಮುಗಿದ ಮೇಲೆ ಯಾರ ಕೈಗೆ ಯಾವ ಪ್ರಾಣಿ ಹೆಚ್ಚು ಬರುತ್ತದೋ ಅದರಲ್ಲೇ ಕೈ ಪಳಗುತ್ತದೆ. ಬೆಕ್ಕನ್ನು ಸಣ್ಣ ನಾಯಿ ಎಂದುಕೊಂಡರೆ ಅಪಾಯ ತಪ್ಪಿದ್ದಲ್ಲ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಏಕೆಂದರೆ ಅದನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಬಲವಾಗಿಲ್ಲ. ನಾಯಿಯ ಉಣ್ಣಿಗೆಂದು ಬೆನ್ನಿಗೆ ಹಾಕುವ ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಬೆಕ್ಕಿಗೆ ವಿಷ. ಇವೆರಡನ್ನು ಸಹಜವಾಗಿ ಬಲ್ಲ ಡಾಕ್ಟರು ನಿಮ್ಮೂರಿನಲ್ಲೇ ಇದ್ದರೆ ಅರ್ಧ ಚಿಂತೆ ಕಳೆಯಿತು.

ಅದನ್ನು ತಿಳಿಯುವುದು ಹೇಗೆ? ಬೆಕ್ಕು ಚೆನ್ನಾಗಿರುವಾಗಲೇ ಒಮ್ಮೆ ಹೋಗಿ. ಲಸಿಕೆಯ ನೆಪವೋ, ಜಂತುಹುಳುವಿನ ಔಷಧಿಯ ನೆಪವೋ ಸಾಕು. ಮೊದಲೇ ಫೋನ್ ಮಾಡಿ, ನಾಯಿಗಳ ಗದ್ದಲವಿಲ್ಲದ ಹೊತ್ತು ಯಾವುದೆಂದು ಕೇಳಿ. ಮೇಲ್ಭಾಗ ಬಿಚ್ಚಿಡಬಹುದಾದ ಗಟ್ಟಿ ಕ್ಯಾರಿಯರ್ ತೆಗೆದುಕೊಳ್ಳಿ, ಒಳಗೆ ಮನೆಯಲ್ಲಿ ಅದು ಮಲಗುವ ಬಟ್ಟೆಯನ್ನೇ ಹಾಸಿ, ಮೇಲೊಂದು ಟವೆಲ್ ಹೊದಿಸಿ.

ಒಳಗೆ ಹೋದ ಮೇಲೆ ಡಾಕ್ಟರ ಕೈ ನೋಡಿ. ಬೆಕ್ಕನ್ನು ಬಲ್ಲವರು ಕತ್ತಿನ ಚರ್ಮ ಹಿಡಿದು ಅದನ್ನು ಹೊರಗೆಳೆಯುವುದಿಲ್ಲ. ಕ್ಯಾರಿಯರ್ ಅನ್ನು ಮೇಜಿನ ಮೇಲಿಟ್ಟು ಬಾಗಿಲು ತೆರೆದು, ನಿಮ್ಮೊಡನೆ ಮಾತಾಡುತ್ತಾ ಒಂದೆರಡು ನಿಮಿಷ ಬಿಡುತ್ತಾರೆ. ಬೆಕ್ಕು ಹೊರಗೆ ಬಾರದಿದ್ದರೆ ಮೇಲಿನ ಮುಚ್ಚಳ ತೆಗೆದು, ಕೆಳಗಿನ ತಟ್ಟೆಯಲ್ಲಿ ಕುಳಿತ ಹಾಗೆಯೇ ಪರೀಕ್ಷಿಸುತ್ತಾರೆ. ತೂಕ ತಪ್ಪದೆ ಹಾಕುತ್ತಾರೆ. ಪರ್ಷಿಯನ್ನಿನ ಚಪ್ಪಟೆ ಮುಖ ಕಂಡೊಡನೆ ಮೂಗಿನ ಹೊಳ್ಳೆಗಳು ಎಷ್ಟು ತೆರೆದಿವೆ ಎಂದು ಬಗ್ಗಿ ನೋಡುತ್ತಾರೆ, ಕಣ್ಣಿನಿಂದ ಸೋರಿ ಕಂದುಬಣ್ಣಕ್ಕೆ ತಿರುಗಿದ ಕೂದಲನ್ನು ಸರಿಸಿ ಕಣ್ಣುಗುಡ್ಡೆಯ ಮೇಲೆ ಟಾರ್ಚು ಬಿಡುತ್ತಾರೆ, ತುಟಿ ಎತ್ತಿ ಹಲ್ಲಿನ ಸಾಲು ನೋಡುತ್ತಾರೆ. ಬೆರಳುಗಳಿಂದ ಹೊಟ್ಟೆಯ ಎರಡೂ ಬದಿ ಮೆಲ್ಲಗೆ ಒತ್ತಿ ಮೂತ್ರಪಿಂಡಗಳ ಗಾತ್ರ ಅಂದಾಜು ಮಾಡುತ್ತಾರೆ. ಕಿವಿಯ ಹಿಂಭಾಗದಲ್ಲೋ ಕಾಲಿನಲ್ಲೋ ಕೂದಲುದುರಿದ ಜಾಗ ಕಂಡರೆ ‘ಮನೆಯಲ್ಲಿ ಯಾರಿಗಾದರೂ ಹುಳುಕಡ್ಡಿ ಆಗಿದೆಯೇ?’ ಎಂದು ಕೇಳುತ್ತಾರೆ. ಈ ಪ್ರಶ್ನೆ ಕೇಳಿದವರಿಗೆ ನಾನಂತೂ ಪೂರ್ತಿ ಅಂಕ ಕೊಡುತ್ತೇನೆ. ಉದ್ದ ಕೂದಲಿನ ಬೆಕ್ಕುಗಳಲ್ಲಿ ಈ ಶಿಲೀಂಧ್ರ ಸಾಮಾನ್ಯ, ಮಕ್ಕಳಿಗೂ ಬೇಗ ಅಂಟುತ್ತದೆ.

ಇನ್ನು ಶಸ್ತ್ರಚಿಕಿತ್ಸೆ. ಗಂಡು ಬೆಕ್ಕಿನದು ಚಿಕ್ಕ ಕೆಲಸ, ಕೈ ಪಳಗಿದವರಿಗೆ ಕೆಲವೇ ನಿಮಿಷಗಳದ್ದು. ಯೋಚಿಸಬೇಕಾದದ್ದು ಅರಿವಳಿಕೆಯ ಬಗ್ಗೆ. ಚಪ್ಪಟೆ ಮುಖದ ಬೆಕ್ಕಿಗೆ ಉಸಿರಿನ ದಾರಿ ಮೊದಲೇ ಇಕ್ಕಟ್ಟು. ಮಂಪರು ಹತ್ತುವಾಗಲೂ ಇಳಿಯುವಾಗಲೂ ಅದು ಇನ್ನಷ್ಟು ಕಟ್ಟಬಹುದು. ಆದ್ದರಿಂದ ಸಂಕೋಚ ಬಿಟ್ಟು ಕೇಳಿ: ಇವನ ಗಾತ್ರಕ್ಕೆ ಹೊಂದುವ ಶ್ವಾಸನಾಳದ ಕೊಳವೆ ನಿಮ್ಮಲ್ಲಿದೆಯೇ? ಆಮ್ಲಜನಕ ಕೈಗೆಟಕುವ ಹಾಗೆ ಇರುತ್ತದೆಯೇ? ಪೂರ್ತಿ ಎಚ್ಚರವಾಗುವವರೆಗೆ ಪಕ್ಕದಲ್ಲಿ ಯಾರಿರುತ್ತಾರೆ? ಎಷ್ಟು ಗಂಟೆ ಮೊದಲು ಊಟ ನಿಲ್ಲಿಸಬೇಕು, ನೀರು ಕೊಡಬಹುದೇ? ನೋವಿಗೆ ಏನು ಕೊಡುತ್ತೀರಿ? ಬೀಜಗಳೆರಡೂ ಕೆಳಗಿಳಿದಿವೆಯೇ ಎಂದು ಅವರೇ ಮುಟ್ಟಿ ನೋಡಬೇಕು, ನೀವು ಹೇಳಬೇಕಾಗಿ ಬಂದರೆ ಅದೂ ಒಂದು ಸೂಚನೆ. ಉತ್ತರಗಳು ಸಮಾಧಾನ ತಂದರೆ ಇಷ್ಟಕ್ಕಾಗಿ ಬೆಂಗಳೂರಿನವರೆಗೆ ಕರೆದೊಯ್ಯಬೇಡಿ. ಬಿಸಿಲಿನಲ್ಲಿ ಆರು ಗಂಟೆ ಬಸ್ಸು ಪ್ರಯಾಣ ಪರ್ಷಿಯನ್ನಿಗೆ ಸಣ್ಣ ಸಂಕಟವಲ್ಲ. ‘ಇವೆಲ್ಲ ನಿಮಗೇಕೆ?’ ಎಂದು ಗದರಿದರೆ, ಅಲ್ಲಿ ಎಂಥ ಯಂತ್ರಗಳಿದ್ದರೂ ಎದ್ದು ಬನ್ನಿ.

ದೊಡ್ಡ ಊರಿಗೆ ಹೋಗಬೇಕಾಗಿ ಬರುವುದು ತಳಿಯ ಕಾಯಿಲೆಗಳ ತಪಾಸಣೆಗೆ. ಪರ್ಷಿಯನ್ ಬೆಕ್ಕುಗಳಿಗೆ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ, ಪಿಕೆಡಿ ಎಂದು ಕರೆಯುವ ವಂಶವಾಹಿ ಕಾಯಿಲೆಯಿದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಅದರ ಜೀನ್ ದೋಷವನ್ನು 2004ರಲ್ಲಿ ಗುರುತಿಸಿದರು. ಈಗ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ತೆಗೆದ ಮಾದರಿಯಲ್ಲೂ ಪತ್ತೆ ಮಾಡಬಹುದು. ಹತ್ತು ತಿಂಗಳು ದಾಟಿದ ಬೆಕ್ಕಿಗೆ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಬಹುಮಟ್ಟಿಗೆ ನಂಬುವಂಥದ್ದು. ನಿಮ್ಮದಕ್ಕೆ ಈಗ ಅದೇ ವಯಸ್ಸು. ಮೇನ್ ಕೂನ್, ರ‍್ಯಾಗ್‌ಡಾಲ್ ಸಾಕಿದವರಿಗೆ ಚಿಂತೆ ಹೃದಯದ್ದು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಗೆ ಕಾರಣವಾದ ಜೀನ್ ದೋಷ ಮೇನ್ ಕೂನ್‌ನಲ್ಲಿ 2005ರಲ್ಲಿ, ರ‍್ಯಾಗ್‌ಡಾಲ್‌ನಲ್ಲಿ 2007ರಲ್ಲಿ ಸಿಕ್ಕಿತು. ಅಂಥ ಬೆಕ್ಕಿಗೆ ಅರಿವಳಿಕೆ ಕೊಡುವ ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸುವುದು ಒಳ್ಳೆಯದು.

ಇಂಥ ತಪಾಸಣೆಯ ಮಾತು ತೆಗೆದಾಗ ‘ನನ್ನಲ್ಲಿ ಆ ಸೌಲಭ್ಯವಿಲ್ಲ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಬರೆದುಕೊಡುತ್ತೇನೆ’ ಎನ್ನುವ ಡಾಕ್ಟರರನ್ನು ಹಲವರು ಕಡಿಮೆ ಎಂದು ತಿಳಿಯುತ್ತಾರೆ. ನನಗೆ ಅವರೇ ಹೆಚ್ಚು. ಹೆಬ್ಬಾಳವಲ್ಲದೆ ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಹತ್ತಿರದ್ದರಲ್ಲಿ ಯಾವ ತಪಾಸಣೆ ಆಗುತ್ತದೆಂದು ಫೋನಿನಲ್ಲೇ ವಿಚಾರಿಸಿ. ಅಂದಹಾಗೆ, ಬೆಕ್ಕಿನ ಮರಿ ಮಾರುವ ಅಂಗಡಿಯವರೇ ಸೂಜಿ ಚುಚ್ಚಿ ಲಸಿಕೆ ಪುಸ್ತಕ ತುಂಬಿಕೊಡುವುದುಂಟು. ಸೀಸೆಯ ಲೇಬಲ್ ಅಂಟಿಸಿಲ್ಲದ, ರಾಜ್ಯ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾದ ವೈದ್ಯರ ಸಹಿಯಿಲ್ಲದ ಪುಸ್ತಕವನ್ನು ಖಾಲಿ ಪುಸ್ತಕವೆಂದೇ ಎಣಿಸಿ.

ನಂಬಿಕೆ ಒಂದೇ ಕಡೆಯಿಂದ ಬೆಳೆಯುವಂಥದ್ದಲ್ಲ. ಡಾಕ್ಟರ ಮುಂದೆ ನಾವು ಮುಚ್ಚಿಡುವ ಸಂಗತಿಗಳು ಕಡಿಮೆಯೇ? ಅಜ್ಜಿ ಅಕ್ಕರೆಯಿಂದ ಹಾಲನ್ನ ಕಲಸಿ ಹಾಕುತ್ತಿರುವುದು, ಮೆಡಿಕಲ್ ಶಾಪಿನವನು ಹೇಳಿದನೆಂದು ಮನುಷ್ಯರ ಆಂಟಿಬಯಾಟಿಕ್‌ನ ಅರ್ಧ ಮಾತ್ರೆ ಕೊಟ್ಟಿದ್ದು, ಹಿಂದಿನ ವಾರ ಬೇರೆ ಡಾಕ್ಟರಿಗೆ ತೋರಿಸಿದ್ದು. ಬೈಸಿಕೊಂಡರೂ ಸರಿ, ಎಲ್ಲವನ್ನೂ ಹೇಳಿ. ಕ್ಲಿನಿಕ್ಕಿನಲ್ಲಿ ಬೆದರಿದ ಬೆಕ್ಕು ಯಾವ ಲಕ್ಷಣವನ್ನೂ ತೋರಿಸದು. ಅದಕ್ಕೇ ಮನೆಯಲ್ಲಿ ಅದು ಕೆಮ್ಮುವ, ಉಸಿರೆಳೆಯುವ, ಕುಂಟುವ ವಿಡಿಯೋ ನಿಮ್ಮ ಮೊಬೈಲಿನಲ್ಲಿರಲಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಗಾಢವಾಗಿ ಮಲಗಿದಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಮೂವತ್ತಕ್ಕಿಂತ ಕಡಿಮೆ ಇರಬೇಕು, ದಿನವೂ ಮೀರುತ್ತಿದ್ದರೆ ಫೋನ್ ಮಾಡಿ. ಇಂಥ ಲೆಕ್ಕ ಹಿಡಿದು ಬರುವವರನ್ನು ಡಾಕ್ಟರೂ ಬೇರೆ ರೀತಿಯಲ್ಲಿ ಕಾಣುತ್ತಾರೆ. ಖರ್ಚಿನ ಮಾತನ್ನೂ ಮೊದಲೇ ಆಡಿ ಮುಗಿಸಿ. ನಿಮ್ಮ ಮಿತಿ ಗೊತ್ತಿದ್ದರೆ ಯಾವ ಪರೀಕ್ಷೆ ತುರ್ತು, ಯಾವುದು ಕಾಯಬಹುದು ಎಂದು ಅವರು ವಿಂಗಡಿಸಿಕೊಡಬಲ್ಲರು.

ಡಾಕ್ಟರನ್ನು ಬದಲಿಸಬೇಕಾದ ಸಂದರ್ಭವೂ ಇದೆ. ತೂಕ ನೋಡದೆ ಔಷಧಿ ಬರೆಯುವುದು, ಪ್ರತಿ ತುರಿಕೆಗೂ ಚರ್ಮ ಪರೀಕ್ಷಿಸದೆ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚುವುದು, ಕೊಟ್ಟ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಯದಿರುವುದು. ಕೊನೆಯದನ್ನು ನಾನು ಕ್ಷಮಿಸುವುದಿಲ್ಲ. ರಾತ್ರಿ ಬೇರೆ ಡಾಕ್ಟರ ಬಳಿ ಓಡಬೇಕಾದಾಗ ಬೇಕಾಗುವುದು ಅದೇ ಚೀಟಿ.

ಆ ರಾತ್ರಿಯ ಮಾತು ಗಂಡು ಬೆಕ್ಕಿರುವ ಮನೆಗೆ ಹೆಚ್ಚು ಅನ್ವಯಿಸುತ್ತದೆ. ಗಂಡಿನ ಮೂತ್ರನಾಳ ಕಿರಿದು. ಮರಳಿನ ತಟ್ಟೆಗೆ ಪದೇ ಪದೇ ಹೋಗಿ ತಿಣುಕಿ, ಹನಿಯೂ ಬಾರದೆ ಅರಚುತ್ತಿದ್ದರೆ ಮಲಬದ್ಧತೆ ಎಂದು ಬೆಳಗಿನವರೆಗೆ ಕಾಯುವವರಿದ್ದಾರೆ. ಮೂತ್ರ ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲಿ ಪ್ರಾಣಕ್ಕೆ ಬರುತ್ತದೆ. ಬಾಯಿ ತೆರೆದು ಉಸಿರಾಡುವುದೂ ಅಷ್ಟೇ ತುರ್ತು. ದಿನವಿಡೀ ಏನೂ ತಿನ್ನದಿದ್ದರೆ ಮರುದಿನವೇ ತೋರಿಸಿ, ಏಕೆಂದರೆ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬತೊಡಗುತ್ತದೆ. ನಿಮ್ಮೂರಿನ ಡಾಕ್ಟರು ರಾತ್ರಿ ಫೋನ್ ಎತ್ತುತ್ತಾರೆಯೇ, ಎತ್ತದಿದ್ದರೆ ಯಾರ ಬಳಿ ಹೋಗಲು ಹೇಳುತ್ತಾರೆ ಎಂಬುದನ್ನು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲೇ ಕೇಳಿ, ಆ ನಂಬರನ್ನು ಲಸಿಕೆ ಪುಸ್ತಕದ ಮೇಲೆಯೇ ಬರೆದಿಡಿ.