ಮೃಗ ಅಂದರೆ ಜಿಂಕೆಯೋ, ಹುಲಿಯೋ?

ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಮೇಯುವ ಚಿಗರಿಗೆ ಕೃಷ್ಣಮೃಗ ಅನ್ನುತ್ತೇವೆ. ಸಿಂಹಕ್ಕೆ ಮೃಗರಾಜ. ಮನುಷ್ಯ ಕ್ರೂರವಾಗಿ ನಡೆದುಕೊಂಡರೆ ಮಾರನೇ ದಿನ ಪತ್ರಿಕೆಯಲ್ಲಿ ‘ಮೃಗೀಯ ವರ್ತನೆ’. ಹಿಂದಿಯವರಿಗೆ ಮೃಗ ಅಂದರೆ ಜಿಂಕೆ. ಮಲಯಾಳದಲ್ಲಿ ದನ, ನಾಯಿಗಳ ಆಸ್ಪತ್ರೆಯೂ ಮೃಗಾಶುಪತ್ರಿ. ಗೊಂದಲ ಆಗದೇ ಇರುತ್ತದಾ?

ಋಗ್ವೇದದಲ್ಲಿ ಕಾಡಿನಲ್ಲಿ ಅಲೆಯುವ ಯಾವ ಪ್ರಾಣಿಯೂ ಮೃಗವೇ. ಆನೆ ಅಲ್ಲಿ ಕೈಯುಳ್ಳ ಮೃಗ. ವಿಷ್ಣುವನ್ನೂ ಬೆಟ್ಟದಲ್ಲಿ ತಿರುಗುವ ಭಯಂಕರ ಮೃಗಕ್ಕೆ ಹೋಲಿಸಿದ್ದಾರೆ. ವೇದದ ಪದಗಳ ಹುಟ್ಟು ವಿವರಿಸುವ ಹಳೆಯ ಗ್ರಂಥ, ಯಾಸ್ಕನ ನಿರುಕ್ತ, ಈ ಪದವನ್ನು ‘ಹೋಗು’ ಎಂಬ ಅರ್ಥದ ಧಾತುವಿಗೆ ಜೋಡಿಸುತ್ತದೆ. ಅಂದರೆ ನಿಂತಲ್ಲಿ ನಿಲ್ಲದ್ದು, ಓಡುವಂಥದ್ದು. ಇನ್ನೊಂದು ವಿವರಣೆ ‘ಹುಡುಕು’ ಎಂಬ ಅರ್ಥದಿಂದ ಬರುತ್ತದೆ. ಬೇಟೆಗಾರ ಹುಡುಕುವುದೇ ಮೃಗ. ನನಗೆ ಮೊದಲನೆಯದೇ ಇಷ್ಟ. ಅದರಲ್ಲಿ ಪ್ರಾಣಿ ತನ್ನ ಪಾಡಿಗೆ ತಾನು ಓಡಾಡಿಕೊಂಡಿದೆ. ಎರಡನೆಯದರಲ್ಲಿ ಬೇಟೆಗಾರ ಆಗಲೇ ಬಂದುಬಿಟ್ಟಿದ್ದಾನೆ.

ಇದರ ಒಡಹುಟ್ಟು ಇರಾನಿನಲ್ಲಿ ಹಕ್ಕಿಯಾಯಿತು. ಅಲ್ಲಿನ ಪ್ರಾಚೀನ ಧರ್ಮಗ್ರಂಥ ಅವೆಸ್ತಾದ ‘ಮೆರೆಗ’ ಪಾರಸಿಯಲ್ಲಿ ‘ಮುರ್ಗ್’. ಹೋಟೆಲಿನ ಮುರ್ಗ್ ಮುಸಲ್ಲಂ ನಮ್ಮ ಮೃಗದ ದೂರದ ನೆಂಟ!

ಮುಂದಿನ ಶತಮಾನಗಳಲ್ಲಿ ಸಂಸ್ಕೃತ ಕಾವ್ಯ ಈ ಪದವನ್ನು ಜಾಸ್ತಿ ಜಿಂಕೆಗೇ ಕೊಟ್ಟಿತು. ಬೇಟೆಗೆ ಮೃಗಯಾ ಎಂಬ ಹೆಸರು ನಿಂತಿತು. ಹಳೆಯ ವಿಶಾಲ ಅರ್ಥ ಪೂರ್ತಿ ಹೋಗಲಿಲ್ಲ. ಮರದ ಕೊಂಬೆಯ ಮೇಲೆ ಓಡಾಡುವ ಕೋತಿ ಶಾಖಾಮೃಗವಾಗಿಯೇ ಉಳಿಯಿತು.

ಕನ್ನಡದಲ್ಲಿ ಆದದ್ದು ಮಾತ್ರ ಬೇರೆಯೇ ಕತೆ. ಇಲ್ಲಿ ಪದ ಎರಡು ದಾರಿ ಹಿಡಿಯಿತು. ಸಂಸ್ಕೃತದ ರೂಪದಲ್ಲೇ ಉಳಿದ ‘ಮೃಗ’ ಬರಬರುತ್ತಾ ಕಾಡುಪ್ರಾಣಿ, ಅದರಲ್ಲೂ ಕ್ರೂರ ಪ್ರಾಣಿ ಆಯಿತು. ಬಾಯಲ್ಲಿ ಸವೆದ ರೂಪ ‘ಮಿಗ’. ಹಳಗನ್ನಡ ಕವಿಗಳು ಇದನ್ನು ಧಾರಾಳವಾಗಿ ಬಳಸಿದ್ದಾರೆ. ಅದೇ ‘ಮಿಕ’ವೂ ಆಯಿತು. ಮಿಕ ಅಂದರೆ ಬಲೆಗೆ ಬೀಳುವ ಪ್ರಾಣಿ. ಸುಲಭವಾಗಿ ಮೋಸ ಹೋಗುವವನು ಸಿಕ್ಕರೆ ‘ಒಳ್ಳೇ ಮಿಕ’ ಅನ್ನುತ್ತಾರಲ್ವಾ, ಅದೇ. ಹೀಗೆ ಒಂದೇ ಪದದಿಂದ ಕೊಲ್ಲುವುದೂ ಬಂತು, ಸಾಯುವುದೂ ಬಂತು. ಸುಮ್ನೆ ಓಡಾಡಿಕೊಂಡಿದ್ದ ಪ್ರಾಣಿಗೆ ಎರಡರಲ್ಲೂ ಜಾಗ ಇಲ್ಲ. ಮನುಷ್ಯ ಮಾಡಿದ ಕ್ರೌರ್ಯಕ್ಕೆ ‘ಮೃಗೀಯ’ ಅಂತ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ಕಡೆಯೂ ಈ ಪದ ಉಳಿದಿದೆ, ಆಕಾಶದಲ್ಲಿ. ಮೃಗಶಿರಾ ನಕ್ಷತ್ರದ ಹೆಸರಿನ ಅರ್ಥ ಜಿಂಕೆಯ ತಲೆ. ಉತ್ತರ ಕರ್ನಾಟಕದ ಬಾಯಲ್ಲಿ ಅದು ‘ಮಿರಗ’. ಜೂನ್ ಮೊದಲ ವಾರ ಕಳೆಯಿತೆಂದರೆ ಹೊಲ ಹಸನು ಮಾಡಿಟ್ಟ ರೈತರು ಮಿರಗದ ಮಳೆಗೆ ಕಾಯುತ್ತಾರೆ.