ಎಂಜಿನ್ ಆಯಿಲ್ ವಿಸ್ಕಾಸಿಟಿ: ನಮ್ಮೂರ ಬಿಸಿಲಿಗೂ ಡಬ್ಬದ ಮೇಲಿನ ನಂಬರಿಗೂ ಏನು ಸಂಬಂಧ?

ದಾವಣಗೆರೆ ಪಿ.ಬಿ. ರಸ್ತೆಯಲ್ಲಿ ಟರ್ಬೊ (ಎಂಜಿನ್ನಿಗೆ ಒತ್ತಿ ಗಾಳಿ ತುಂಬುವ ಸಾಧನ) ಇರುವ ಕಾರಿನ ಆಯಿಲ್ ಬದಲಾಯಿಸೋಕೆ ಹೋದರೆ ಒಂದಲ್ಲ ಒಂದು ಕಡೆ ಈ ಮಾತು ಕಿವಿಗೆ ಬೀಳುತ್ತದೆ: "ನಮ್ಮೂರ ಬಿಸಿಲಿಗೆ ತೆಳ್ಳನೆ ಆಯಿಲ್ ತಡಿಯಲ್ಲ ಸರ್, ಟ್ವೆಂಟಿ ಫಿಫ್ಟಿ ಹಾಕಿಬಿಡೋಣ." ಅಂದರೆ 20ಡಬ್ಲ್ಯೂ-50 ಅನ್ನೋ ದಪ್ಪ ಆಯಿಲ್. ಹಳೇ ಅಂಬಾಸಿಡರ್, ಜೀಪಿನ ಕಾಲಕ್ಕೆ ಇದು ಸರಿ. ಪೋಲೊ ಜಿಟಿ, ಆಕ್ಟೇವಿಯಾ ವಿಆರ್‌ಎಸ್ ಥರದ ಟರ್ಬೊ ಗಾಡಿಗೆ ಖಂಡಿತ ಅಲ್ಲ.

ದ್ರವ ಹರಿಯುವಾಗ ಎಷ್ಟು ಅಡ್ಡಿ ಮಾಡುತ್ತದೆ ಅನ್ನೋದೇ ವಿಸ್ಕಾಸಿಟಿ. ಒಲೆ ಮೇಲಿನ ಬೆಲ್ಲದ ಪಾಕ ಸಲೀಸಾಗಿ ಹರಿಯುತ್ತೆ, ಆರಿದ ಮೇಲೆ ಸೌಟಿಗೇ ಅಂಟುತ್ತೆ, ಅಲ್ವಾ? ಆಯಿಲ್ ಕೂಡ ಹಾಗೇ. ಅದಕ್ಕೇ ಡಬ್ಬದ ಮೇಲೆ ಎರಡು ನಂಬರು.

5ಡಬ್ಲ್ಯೂ-40 ತಗೊಳ್ಳಿ. ಡಬ್ಲ್ಯೂ ಅಂದರೆ ವಿಂಟರ್, ಮೊದಲ ನಂಬರು ತಣ್ಣಗಿದ್ದಾಗಿನ ಲೆಕ್ಕ. 5ಡಬ್ಲ್ಯೂ ಆಯಿಲನ್ನು ಪರೀಕ್ಷೆ ಮಾಡೋದು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂ ಆದರೆ ಮೈನಸ್ 15ರಲ್ಲಿ. ನಮ್ಮಲ್ಲಿ ಡಿಸೆಂಬರ್ ಬೆಳಗಿನ ಜಾವಕ್ಕೂ 10 ಡಿಗ್ರಿಗಿಂತ ಕೆಳಗಿಳಿಯೋದು ಅಪರೂಪ. ಹಾಗಾದರೆ ಮೊದಲ ನಂಬರು ನಮಗೆ ಸುಮ್ನೆ ಅಂತೀರಾ? ಅಲ್ಲ. 40 ಡಿಗ್ರಿಯಲ್ಲಿ ಅಳೆದರೆ 0ಡಬ್ಲ್ಯೂ-40 ಆಯಿಲ್ ಸಾಮಾನ್ಯವಾಗಿ 70–80 ಸೆಂಟಿಸ್ಟೋಕ್ಸ್ (ವಿಸ್ಕಾಸಿಟಿ ಅಳೆಯುವ ಮಾನ, ಜಾಸ್ತಿ ಇದ್ದಷ್ಟೂ ದಪ್ಪ) ಇರುತ್ತದೆ. 20ಡಬ್ಲ್ಯೂ-50 ಅದರ ಹೆಚ್ಚುಕಮ್ಮಿ ಎರಡರಷ್ಟು. ಎಂಜಿನ್ ಕಾದ ಮೇಲೆ ಬೇಕಾಗೋದು 13–14 ಅಷ್ಟೇ! 40 ಡಿಗ್ರಿ ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನ. ಅಂಥ ಬಿಸಿಲಲ್ಲಿ ನಿಂತ ಕಾರಿನ ಆಯಿಲ್ ಕೂಡ ಎಂಜಿನ್ ಲೆಕ್ಕದಲ್ಲಿ ತಣ್ಣಗೇ ಇದೆ. ಸ್ಟಾರ್ಟ್ ಮಾಡಿದ ತಕ್ಷಣ ಎಂಜಿನ್ನಿನ ಮೇಲ್ಭಾಗದ ಹೆಡ್‌ವರೆಗೆ, ಟರ್ಬೊವರೆಗೆ ಬೇಗ ಮುಟ್ಟೋದು ತೆಳ್ಳನೆಯದೇ.

ಎರಡನೇ ನಂಬರು ಕಾದ ಎಂಜಿನ್ನಿನದು. 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿದ್ದರೆ 30, ಅಲ್ಲಿಂದ 16.3ರ ಒಳಗಿದ್ದರೆ 40, ಅದಕ್ಕೂ ಮೇಲೆ 21.9ರ ತನಕ 50. ಎಸ್‌ಎಇ ಜೆ300 ಅನ್ನೋ ಮಾನದಂಡ ಹಾಕಿಕೊಟ್ಟ ಗೆರೆಗಳಿವು.

ಈಗ ಬಿಸಿಲಿನ ವಿಷಯ. ಹೊರಗೆ 25 ಇರಲಿ, 40 ಇರಲಿ, ಥರ್ಮೋಸ್ಟಾಟ್ ಕೂಲೆಂಟನ್ನು (ಎಂಜಿನ್ ತಂಪಾಗಿಸುವ ದ್ರವ) 90ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಆಯಿಲ್ ಎಷ್ಟು ಕಾಯುತ್ತದೆ ಅನ್ನೋದನ್ನು ಬಿಸಿಲಿಗಿಂತ ಜಾಸ್ತಿ ನಿಮ್ಮ ಬಲಗಾಲು ತೀರ್ಮಾನಿಸುತ್ತದೆ. ಚಿತ್ರದುರ್ಗದ ಕಡೆ ಹೈವೇಯಲ್ಲಿ ನೂರರಲ್ಲಿ ಆರಾಮಾಗಿ ಹೋದರೆ 100 ಡಿಗ್ರಿ ಹತ್ತಿರ ಇರುತ್ತೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಒಯ್ದು ಸುತ್ತಿಸಿದರೆ 120, 130 ಕೂಡ ಮುಟ್ಟಬಹುದು. ಆಗ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಮತ್ತು ಅದನ್ನು ಹೊತ್ತ ಬೇರಿಂಗ್ ನಡುವೆ ನಿಂತಿರುವ ಆಯಿಲ್ ಪದರ ಕೂದಲಿಗಿಂತ ತೆಳ್ಳಗೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊ ಶಾಫ್ಟಿಗೂ ಅದೇ ಆಸರೆ.

ಈ ಪದರ ಕಿತ್ತುಹೋಗುತ್ತೋ ಉಳಿಯುತ್ತೋ ಅಂತ ಹೇಳುವ ಅಳತೆ ಡಬ್ಬದ ಮುಂಭಾಗದಲ್ಲಿ ಇರೋದೇ ಇಲ್ಲ. ಎಚ್‌ಟಿಎಚ್‌ಎಸ್ ಅಂತಾರೆ: 150 ಡಿಗ್ರಿಯಲ್ಲಿ, ಜೋರು ತಿಕ್ಕಾಟದಲ್ಲಿ ಆಯಿಲಿಗೆ ಎಷ್ಟು ದಪ್ಪ ಉಳಿದಿದೆ ಅನ್ನೋ ಲೆಕ್ಕ. ಮಾಮೂಲಿ 30 ಗ್ರೇಡಿಗೆ ಕನಿಷ್ಠ 2.9 ಮಿಲಿಪ್ಯಾಸ್ಕಲ್-ಸೆಕೆಂಡ್ (ಇದರ ಮಾನ ಸೆಂಟಿಸ್ಟೋಕ್ಸ್ ಅಲ್ಲ) ಸಾಕು, 5ಡಬ್ಲ್ಯೂ-40ಕ್ಕೆ 3.5 ಬೇಕು. ಆದರೆ ಡಬ್ಬದ ಹಿಂದೆ ಯುರೋಪಿನ ಕಾರು ತಯಾರಕರ ಸಂಘದ ಮಾನದಂಡವಾದ ಎಸಿಇಎ ಸಿ3 ಅಥವಾ ಎ3/ಬಿ4 ಅಂತ ಇದ್ದರೆ, ಅದು 30 ಗ್ರೇಡೇ ಆಗಿದ್ದರೂ 3.5 ಇರಲೇಬೇಕು. ಅಂದರೆ ಎರಡು 5ಡಬ್ಲ್ಯೂ-30 ಡಬ್ಬ ಒಂದೇ ಅಲ್ಲ. ಅಂಗಡಿಯಲ್ಲಿ ಡಬ್ಬ ತಿರುಗಿಸಿ ಸಣ್ಣಕ್ಷರ ಓದಿ, ಅಂಗಡಿಯವರು ಕಾಯಲಿ. ಫೋಕ್ಸ್‌ವ್ಯಾಗನ್ ಪೆಟ್ರೋಲ್ ಗಾಡಿಯ ಮ್ಯಾನ್ಯುಯಲ್ 502 00 ಅನ್ನೋ ಕಂಪನಿಯ ಆಯಿಲ್ ಮಾನದಂಡ ಕೇಳಿದ್ದರೆ ಆ ನಂಬರು ಅಲ್ಲೇ ಇರಬೇಕು.

ಇನ್ನು ದಪ್ಪ ಆಯಿಲ್ ಹಾಕಿದರೆ ಪ್ರೆಶರ್ ಜಾಸ್ತಿ ಬರುತ್ತಲ್ಲ ಅಂತ ವಾದ ಮಾಡೋರಿದ್ದಾರೆ. ಪ್ರೆಶರ್ ಏರಿದರೆ ಹರಿವು ಏರಿತು ಅಂತಲ್ಲ. ಒಂದು ಮಟ್ಟ ದಾಟಿದರೆ ಪಂಪಿನ ರಿಲೀಫ್ ವಾಲ್ವ್ ತೆರೆದು ಆಯಿಲ್ ವಾಪಸ್ ಹೋಗುತ್ತದೆ. ದಪ್ಪ ಆಯಿಲ್ ತನ್ನದೇ ತಿಕ್ಕಾಟಕ್ಕೆ ಇನ್ನಷ್ಟು ಕಾಯುತ್ತದೆ, ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳು ತಡವಾಗಿ ಸ್ಪಂದಿಸುತ್ತವೆ, ಮೈಲೇಜೂ ಕಮ್ಮಿ. ಬಿಎಂಡಬ್ಲ್ಯೂ ಹಳೇ ಎಂ3ಗೆ 10ಡಬ್ಲ್ಯೂ-60 ಹೇಳಿದ್ದು ಆ ಎಂಜಿನ್ನಿಗೆ. ಅದನ್ನು ನೋಡಿ ಪೋಲೊಗೆ ಸುರಿಯೋದು ಶೋಕಿ ಅಷ್ಟೇ.

ಮ್ಯಾನ್ಯುಯಲ್‌ನಲ್ಲಿ ಎರಡು ಗ್ರೇಡ್ ಕೊಟ್ಟಿದ್ದರೆ, ಗಾಡಿಯನ್ನು ಹಿಂಡಿ ಓಡಿಸುವವರು ಅದರಲ್ಲಿ ದಪ್ಪನೆಯದನ್ನೇ ತಗೊಳ್ಳಿ. ವಾರವೆಲ್ಲ ನಿಂತು, ಭಾನುವಾರ ಬೆಣ್ಣೆ ದೋಸೆಗೆ ಮಾತ್ರ ಹೊರಡುವ ಕಾರಿದ್ದರೆ ಬೇರೆ ತೊಂದರೆ. ಆಯಿಲ್ ಪೂರ್ತಿ ಕಾಯುವಷ್ಟರಲ್ಲಿ ಮನೆ ಬಂದಿರುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಪೆಟ್ರೋಲ್ ಕೆಳಗಿನ ಆಯಿಲ್ ಸಂಪಿಗಿಳಿದು ಬೆರೆತರೆ, ಹಾಕಿದ್ದ 40 ಮೆಲ್ಲಗೆ 30ರ ಕಡೆ ಜಾರುತ್ತದೆ. ಅಂಥ ಗಾಡಿಗೆ ಕಿಲೋಮೀಟರ್ ಆಗಿಲ್ಲ ಅಂತ ಕಾಯದೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಡಿಪ್‌ಸ್ಟಿಕ್ ಎಳೆದಾಗ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಅಲ್ಲಿತನಕವೂ ಬೇಡ.